ಗೆಳೆಯನಿಗೊಂದು ಪತ್ರ: ಬೇರೆಯವರ ಮನೆ ಕಟ್ಟೋದು ಸುಲಭ ಮಾರಾಯ

ಕಂಟ್ರಾಕ್ಟರ್ ಸಾಹೇಬರೇ,

ನೇಪಾಳದ ಅಷ್ಟೊಂದು ಫೋಟೋ ಕಳಿಸಿದರೆ ನೀನು ಕೇಳಿದ್ದು ಒಂದೇ ಮಾತು, "ಗೋಡೆ ನಿಂತಿದೆಯಾ?" ನಿಂತಿದೆ. ಸಾಕ್ಷಿ ಇರಲಿ ಅಂತಲೇ ನಾಲ್ಕು ಜನರ ಎದುರು ಹೇಳ್ತಿದ್ದೇನೆ. ಇನ್ನು ಕಾಲೇಜಿನ ಸರ್ವೇ ಕ್ಯಾಂಪಿನ ಮಾವಿನಮರದ ಕಥೆ ಎತ್ತಬೇಡ. ಓದ್ತಿರೋ ಉಳಿದವರು ಆ ಮರ ಯಾವುದು ಅಂತ ಕೇಳಬೇಡಿ, ಅದು ಹೇಳುವಂಥದ್ದಲ್ಲ.

ಹೋಗಿದ್ದು ಗೋರ್ಖಾ ಜಿಲ್ಲೆಯ ಒಂದು ಹಳ್ಳಿಗೆ, ಭೂಕಂಪಕ್ಕೆ ಬಿದ್ದ ಮನೆ ಮತ್ತೆ ಕಟ್ಟೋ ಕೆಲಸಕ್ಕೆ. 2015ರ ಏಪ್ರಿಲ್ 25ರ ಭೂಕಂಪದ ಕೇಂದ್ರ ಇದ್ದಿದ್ದೇ ಆ ಜಿಲ್ಲೆಯಲ್ಲಿ, 7.8ರ ತೀವ್ರತೆ. ನಾನು ಹೋದಾಗ ಮೂರು ವರ್ಷ ಕಳೆದಿದ್ದರೂ ತಗಡಿನ ಗೂಡಲ್ಲೇ ಇರುವವರಿದ್ದರು. ಸರ್ಕಾರ ಆಗ ಒಂದು ಮನೆಗೆ ಅವರ ದುಡ್ಡಲ್ಲಿ ಮೂರು ಲಕ್ಷ ಕೊಡುತ್ತಿತ್ತು, ನಮ್ಮ ಲೆಕ್ಕಕ್ಕೆ ಎರಡು ಲಕ್ಷಕ್ಕೂ ಕಮ್ಮಿ. ಅದೂ ಮೂರು ಕಂತಲ್ಲಿ. ಮೊದಲು ಐವತ್ತು ಸಾವಿರ, ಪಾಯ ಎದ್ದ ಮೇಲೆ ಇಂಜಿನಿಯರ್ ನೋಡಿ ಒಪ್ಪಿದರೆ ಒಂದೂವರೆ ಲಕ್ಷ, ಹಾಗೆ. ದುಡ್ಡಿಗಿಂತ ದೊಡ್ಡ ತಾಪತ್ರಯ ಆಳಿನದು. ದುಡಿಯುವ ವಯಸ್ಸಿನ ಗಂಡಸರೆಲ್ಲ ಕತಾರ್, ಮಲೇಷ್ಯಾ ಅಂತ ಹೋಗಿಬಿಟ್ಟಿದ್ದಾರೆ. ಅದಕ್ಕೇ ಸಿವಿಲ್ ಓದಿ ಕೀಬೋರ್ಡ್ ಕುಟ್ಟುವ ನನ್ನಂಥವನನ್ನೂ ಒಳಗೆ ಬಿಟ್ಟುಕೊಂಡರು.

ಕೆಲಸ ಅಂದರೆ ಕಲ್ಲು ಹೊರೋದು. ಡೋಕೋ ಅಂತ ಬಿದಿರಿನ ಬುಟ್ಟಿ ಬೆನ್ನಿಗೆ, ಅದರ ಪಟ್ಟಿ ಹಣೆಗೆ. ಭಾರವೆಲ್ಲ ಕುತ್ತಿಗೆ ಮೇಲೆ. ಎಪ್ಪತ್ತರ ಹತ್ತಿರ ಇರುವ ಮನೆಯ ಯಜಮಾನಿ, ಎಲ್ಲರೂ ಆಮಾ ಅಂತಾರೆ, ನನಗಿಂತ ಜಾಸ್ತಿ ಭಾರ ಹೊತ್ತು ನನಗಿಂತ ಮೊದಲು ಮೇಲೆ ತಲುಪಿ ನಗುತ್ತಾ ನಿಂತಿರುತ್ತಿದ್ದರು.

ಆದರೆ ಮೇಸ್ತ್ರಿ ಕೆಲಸ ನೋಡಬೇಕಿತ್ತು ನೀನು. ಕಲ್ಲು ತಿರುಗಿಸಿ ತಿರುಗಿಸಿ ಅದರ ಮುಖ ಹುಡುಕುತ್ತಾನೆ, ಕೂರಿಸಿ ಒಂದು ಬೆರಳಲ್ಲಿ ಅಲುಗಾಡಿಸುತ್ತಾನೆ. ಸ್ವಲ್ಪ ಕುಂಟಿದರೂ ಕಿತ್ತು, ಅಡಿಗೆ ಒಂದು ಚಕ್ಕೆ ಕೊಟ್ಟು ಮತ್ತೆ ಕೂರಿಸುತ್ತಾನೆ. ಭೂಕಂಪದಲ್ಲಿ ಹಳೆ ಗೋಡೆಗಳು ಎರಡು ಸೀಳಾಗಿ ಬಿದ್ದವಂತೆ, ಒಳಮುಖ ಒಳಗೆ, ಹೊರಮುಖ ಹೊರಗೆ. ಅದಕ್ಕೆ ಈಗ ಅಲ್ಲಲ್ಲಿ ಗೋಡೆಯ ಪೂರ್ತಿ ದಪ್ಪಕ್ಕೆ ಉದ್ದನೆ ಕಲ್ಲು ಕೊಡುತ್ತಾರೆ, ಕಿಟಕಿ ಕೆಳಗೆ ಒಂದು, ಮೇಲೆ ಒಂದು, ಗೋಡೆಗಳನ್ನು ಸುತ್ತಿ ಹಿಡಿದಿಡುವ ಬೆಲ್ಟ್ ಹಾಯಿಸುತ್ತಾರೆ. ಕಾಲೇಜಲ್ಲಿ ಮಾರ್ಕ್ಸಿಗೆ ಬರೆದಿದ್ದು ಅಲ್ಲಿ ಕೈಗೆ ಸಿಕ್ಕಿತು.

ಒಂದು ಸಂಜೆ ಕತಾರಿನಿಂದ ಆಮಾ ಅವರ ಮಗನ ವಿಡಿಯೋ ಕಾಲ್. 2022ರ ಫುಟ್‌ಬಾಲ್ ವಿಶ್ವಕಪ್‌ಗೆ ಆಗ ಅಲ್ಲಿ ಕಟ್ಟುವ ಕೆಲಸ ಜೋರಿತ್ತು, ಅವನೂ ಅದರಲ್ಲೇ ಇದ್ದ. ಆಮಾ ಫೋನ್ ಹಿಡಿದು ಗೋಡೆಯುದ್ದಕ್ಕೂ ನಡೆದರು. ಅವನು ಅಲ್ಲಿಂದಲೇ ಕಿಟಕಿ ಇನ್ನೊಂದು ಗೇಣು ಆಚೆ ಬರಲಿ ಅಂದ, ಒಂದು ಕಲ್ಲು ಹೊರಗೆ ಚಾಚಿದೆ ಅಂದ. ಅದು ನಾನಿಟ್ಟ ಕಲ್ಲು! ಎಲ್ಲರೂ ನಕ್ಕರು. ಆಮೇಲೆ ನನ್ನ ಜೊತೆ ಹಿಂದಿಯಲ್ಲಿ ಮಾತಾಡಿದ. ನಿಮ್ಮ ಮನೆ ಎಂಥದ್ದರಲ್ಲಿ ಕಟ್ಟಿದ್ದು ಭೈಯಾ ಅಂತ ಕೇಳಿದ. ಕೆಂಪು ಕಲ್ಲು ಅಂದೆ. ಮನೇಲಿ ಯಾರಿದ್ದಾರೆ ಅಂದ. ಅಪ್ಪ ಒಬ್ಬರೇ ಅಂದೆ. ಹೌದಾ, ನಮ್ಮ ಮನೆ ಹಾಗೇ, ಅಂದ.

ನಮ್ಮ ಮನೆ ಹಾಗೇ! ಅವನಿಗೆ ರಜೆ ಕೊಡಲ್ಲ ಕಣೋ. ನಾನು ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಶಿರಸಿ.

ಅಷ್ಟರಲ್ಲಿ ದಶೈ ಬಂತು, ನಮ್ಮ ನವರಾತ್ರಿಯೇ. ಕೆಲಸ ನಿಂತಿತು, ಮೇಸ್ತ್ರಿಯೂ ಊರಿಗೆ ಹೋದ. ಹೊರದೇಶದಲ್ಲಿದ್ದವರೂ ಆದಷ್ಟು ಮಂದಿ ಬಂದರು. ಇಡೀ ದೇಶವೇ ಮನೆ ಕಡೆ ಮುಖ ಮಾಡಿದಾಗ ನಾನು ಟೂರ್ ಹೊರಟೆ. ಮನಕಾಮನಾ ದೇವಸ್ಥಾನದ ಕೇಬಲ್ ಕಾರಲ್ಲಿ ಬಲಿಯ ಮೇಕೆಗೆ ಒನ್‌ವೇ ಟಿಕೆಟ್ ಮಾತ್ರ, ಗೊತ್ತಾ? ಭಕ್ತಪುರದಲ್ಲಿ ನ್ಯಾತಪೋಲ ನೋಡಿದೆ. 1702ರಲ್ಲಿ ಕಟ್ಟಿದ ಐದು ಅಂತಸ್ತಿನ ಗುಡಿ, 1934ರ ಭೂಕಂಪಕ್ಕೂ ಬೀಳಲಿಲ್ಲ, 2015ಕ್ಕೂ ಬೀಳಲಿಲ್ಲ. ಮೆಟ್ಟಿಲ ಬುಡದಲ್ಲಿ ಇಬ್ಬರು ಜಟ್ಟಿಗಳು, ಮಾಮೂಲಿ ಮನುಷ್ಯನ ಹತ್ತು ಪಟ್ಟು ಬಲವಂತೆ. ಅವರ ಮೇಲೆ ಆನೆ, ಅದಕ್ಕೆ ಇನ್ನೂ ಹತ್ತು ಪಟ್ಟು. ಡೋಕೋ ಹೊತ್ತ ಮೇಲೆ ನನ್ನ ಜಾಗ ಜಟ್ಟಿಗಳಿಗಿಂತ ಎಷ್ಟು ಕೆಳಗೆ ಅಂತ ಗೊತ್ತಾಗಿತ್ತು. ಪಶುಪತಿನಾಥದಲ್ಲಿ ಗರ್ಭಗುಡಿಯ ಪೂಜೆ ಮಾಡೋರು ನಮ್ಮ ಕರ್ನಾಟಕದ ಭಟ್ಟರು. 2009ರಲ್ಲಿ ಅವರನ್ನು ತೆಗೆದು ನೇಪಾಳದವರನ್ನೇ ಇಡಲು ಹೋಗಿ ದೊಡ್ಡ ಗಲಾಟೆಯಾಗಿ ಸರ್ಕಾರ ಹಿಂದೆ ಸರಿಯಿತು. ನಮ್ಮವರು ಅಲ್ಲಿ ದೇವರನ್ನು ನೋಡಿಕೊಳ್ತಾರೆ, ಅವರ ಕಡೆಯವರು ನಮ್ಮ ಅಪಾರ್ಟ್‌ಮೆಂಟ್ ಗೇಟು ಕಾಯ್ತಾರೆ.

ಪೋಖರಾದ ಕೆರೆಯಲ್ಲಿ ದೋಣಿ ಮೇಲಿದ್ದಾಗ ಅಪ್ಪನ ಫೋನ್ ಬಂತು. ಹಬ್ಬದ ಊಟ ಆಯ್ತಾ ಅಂದರು. ಹಿಂದಿನ ಕೊಟ್ಟಿಗೆ ಗೋಡೆ ಮಳೆಗೆ ಕುಸಿಯಿತು, ಆಳು ಸಿಗಲಿಲ್ಲ, ಇರಲಿ ಬಿಡು ಅಂದರು. ನಾನು ಹ್ಞೂಂ ಅಂದೆ, ಅಷ್ಟೇ.

ಈಗ ಹೇಳಿಬಿಡ್ತೇನೆ. ಅಲ್ಲಿದ್ದಷ್ಟು ದಿನ ಆಮಾ ಬಡಿಸಿದ ದಾಲ್ ಭಾತ್ ಅವರ ಒಲೆ ಮುಂದೆ ಕೂತು ತಿಂದೆ. ಚೆನ್ನಾಗಿ ನಿದ್ದೆ ಬಂತು. ಊರಲ್ಲಿ ಎರಡು ರಾತ್ರಿ ಕಳೆಯೋದಕ್ಕೆ ನನಗಾಗಲ್ಲ. ಬೇರೆಯವರ ತಾಯಿಗೆ ಕಲ್ಲು ಹೊತ್ತರೆ ಬರೀ ಕುತ್ತಿಗೆ ನೋಯುತ್ತದೆ. ಅಲ್ಲಿ ಹಳೇ ಲೆಕ್ಕ ಯಾರೂ ತೆಗೆಯಲ್ಲ. ಊರು ಬಿಡುವಾಗ ಅಪ್ಪ ಏನಂದರು, ನಾನು ಏನಂದೆ, ನಿನಗೆ ಗೊತ್ತಲ್ಲ. ನನ್ನನ್ನು ಒಳ್ಳೆಯವನು ಅಂತ ಅಷ್ಟು ಸಲೀಸಾಗಿ ಒಪ್ಪಿಕೊಂಡ ಮನೆ ಅದೊಂದೇ. ಅದಕ್ಕೇ ಹೋಗಿದ್ದೆನೇನೋ. ಮನೆ ಕಟ್ಟೋದಕ್ಕಲ್ಲ.

ವಾಪಸ್ ಬರುವಾಗ ಕಾಠ್ಮಂಡು ವಿಮಾನ ನಿಲ್ದಾಣದಲ್ಲಿ ದೋಹಾ ವಿಮಾನದ ಸಾಲು ಬಾಗಿಲವರೆಗೆ ಇತ್ತು. ಸಣ್ಣ ಸಣ್ಣ ಹುಡುಗರು, ಹಣೆ ತುಂಬ ಹಬ್ಬಕ್ಕೆ ಹಿರಿಯರು ಹಚ್ಚಿದ ಕೆಂಪು ಅಕ್ಕಿ, ಇನ್ನೂ ಒಣಗಿ ಉದುರಿರಲಿಲ್ಲ. ನನ್ನ ಹಣೆ ಖಾಲಿ. ಆ ಸಾಲನ್ನು ದಾಟಿಕೊಂಡು ದೆಲ್ಲಿ ವಿಮಾನಕ್ಕೆ ಹೋದೆ.

ಇರಲಿ, ಜಾಸ್ತಿ ಆಯ್ತು. ನಾಲ್ಕು ಜನ ಓದೋ ಕಡೆ ಇಷ್ಟೆಲ್ಲ ಬರೆದರೆ ನಾಳೆ ಅತ್ತೆ ಫೋನ್ ಮಾಡಿ ಹುಡುಗಿ ನೋಡಿದ್ದೇವೆ ಅಂತಾರೆ. ವಿಷಯಕ್ಕೆ ಬರ್ತೇನೆ. ದೀಪಾವಳಿಗೆ ಶಿರಸಿ ಬಸ್ಸುಗಳೆಲ್ಲ ಆಗಲೇ ಭರ್ತಿ. ನಿನ್ನ ಕಾರು ಖಾಲಿ ಇದೆ ಅಂತ ಗೊತ್ತು. ಡೀಸೆಲ್ ನನ್ನದು. ಕೊಟ್ಟಿಗೆ ಗೋಡೆ ನೋಡಿ ಎಸ್ಟಿಮೇಟ್ ಕೊಡೋದು ನಿನ್ನ ಕೆಲಸ, ಕಲ್ಲು ಹೊರೋದು ನನ್ನದು. ಅಪ್ಪನ ಎದುರು ಮಾತು ಶುರು ಮಾಡೋದೂ ನಿನ್ನದೇ, ಅದಕ್ಕೆ ಬೇಕಾದರೆ ಬೇರೆ ಬಿಲ್ ಹಾಕು. ಹಸಿರು ಬಕೆಟ್ ಮಾತ್ರ ತರಬೇಡ, ಅದೂ ಹೇಳುವಂಥದ್ದಲ್ಲ.

ನಿನ್ನ,
ಕೂಲಿಯಾಳು