ಸಾಹೇಬರು ಚಾರ್ಜ್ ಕೊಟ್ಟ ದಿನ

ಪ್ರೀತಿಯ ಗೆಳೆಯಾ,

ನಮ್ಮ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರು ನಿನ್ನೆ ನಿವೃತ್ತರಾದರು. ನೀನು ಬರ್ತೀಯ ಅಂತ ಎಲ್ಲರೂ ಕಾದೆವು. ಶಾಲೆ ಶುರುವಾದ ವಾರವೇ ರಜೆ ಹಾಕಿ ಕೋಲಾರದಿಂದ ಇಷ್ಟು ದೂರ ಬರೋದು ಕಷ್ಟ, ಗೊತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೇ 31 ಅಂದ್ರೆ ನಮ್ಮ ಇಲಾಖೆಯಲ್ಲಿ ಬೀಳ್ಕೊಡುಗೆಯ ದಿನ. ಆಗೆಲ್ಲ ಮಗು ಹುಟ್ಟಿದ ತಾರೀಕು ಮನೆಯವರಿಗೂ ನೆನಪಿರುತ್ತಿರಲಿಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರು ಜೂನ್ 1 ಅಂತ ಬರೆದುಬಿಡುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರಾಗಬೇಕು. ಹಾಗಾಗಿ ಯಾವುದೋ ಮಾಸ್ತರು ಅಂದು ಬರೆದ ತಾರೀಕಿಗೆ ಇಂದು 60 ತುಂಬುತ್ತದೆ. ಒಂದು ಕಡೆ ಮಾವಿನ ತೋರಣ ಕಟ್ಟಿ ಹೊಸ ಮಕ್ಕಳನ್ನು ಕರೆದುಕೊಳ್ಳುತ್ತೇವೆ, ಅದೇ ವಾರ ದೊಡ್ಡವರನ್ನು ಕಳಿಸಿಕೊಡುತ್ತೇವೆ.

ಗುರುಭವನ ತುಂಬಿತ್ತು. ಶಿರಸಿಯಿಂದ ಡಿಡಿಪಿಐ, ಅಂದ್ರೆ ಶಿಕ್ಷಣ ಇಲಾಖೆಯ ಉಪನಿರ್ದೇಶಕರು, ಬಂದಿದ್ದರು. ಉತ್ತರ ಕನ್ನಡ ಕಂದಾಯಕ್ಕೆ ಒಂದೇ ಜಿಲ್ಲೆ, ಶಾಲೆಗಳಿಗೆ ಮಾತ್ರ ಕಾರವಾರ, ಶಿರಸಿ ಅಂತ ಎರಡು ಅಂದ್ರೆ ಕೋಲಾರದವರು ನಂಬೋದಿಲ್ಲ ಅಂತ ನೀನು ಹೇಳ್ತಿದ್ದೆ ಅಲ್ವಾ? ಶಾಲು, ಹಾರ, ಫಲತಾಂಬೂಲ ಎಲ್ಲ ಆಯಿತು. ಅವರ ಮನೆಯವರನ್ನೂ ವೇದಿಕೆಗೆ ಕರೆದು ಪಕ್ಕದಲ್ಲಿ ಕೂರಿಸಿದರು. ಆಯಮ್ಮ ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಕೊನೆಯವರೆಗೂ ತಲೆ ಎತ್ತಲಿಲ್ಲ.

ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುತ್ತಿದ್ದು, ಈಗ ಅವಧಿ ಮುಗಿಸಿ ಪಾಠ ಮಾಡಲು ಶಾಲೆಗೆ ವಾಪಸ್ ಹೋಗುತ್ತಿರುವ ನಮ್ಮ ಸಿಆರ್‌ಪಿಗೂ ಅಲ್ಲೇ ಶಾಲು ಹೊದಿಸಿದೆವು. ಮಳೆಗಾಲದಲ್ಲಿ ಹಳ್ಳದ ಮೇಲಿನ ಕಾಲುಸಂಕ ದಾಟಿ, ಕಾಲಿಗೆ ಹತ್ತಿದ ರಕ್ತ ಹೀರುವ ಉಂಬಳ ಕಿತ್ತು ಹಾಕುತ್ತಲೇ ಬರುತ್ತಿದ್ದ ಮನುಷ್ಯ. ಅವರಿಗೆ ಎರಡೇ ನಿಮಿಷ ಕೊಟ್ಟರು. ಅದು ನನಗೆ ಸರಿ ಅನ್ನಿಸಲಿಲ್ಲ.

ಮಾತಾಡಿದವರೆಲ್ಲ ಎಸ್ಸೆಸ್ಸೆಲ್ಸಿ ಫಲಿತಾಂಶ, ಹೊಸ ಕೊಠಡಿ, ಪ್ರತಿಭಾ ಕಾರಂಜಿ ಅಂತಲೇ ಹೇಳಿದರು. ತಪ್ಪೇನಿಲ್ಲ. ಆದರೆ ನನ್ನ ತಲೆಯಲ್ಲಿ ಇದ್ದದ್ದು ಬೇರೆ. ನೀನು ವರ್ಗವಾಗಿ ಹೋದ ಮೇಲೆ ನಡೆದದ್ದು, ನಿನಗೆ ಹೇಳಿಯೇ ಇಲ್ಲ.

ಮೂರು ವರ್ಷದ ಹಿಂದೆ, ಜುಲೈ. ನಮ್ಮ ಶಾಲೆಯಲ್ಲಿ ಹನ್ನೊಂದು ಮಕ್ಕಳು. ಜೀಪು ರಸ್ತೆಯಲ್ಲೇ ನಿಂತಿತ್ತು, ಸಾಹೇಬರು ಪ್ಯಾಂಟು ಮಡಚಿಕೊಂಡು ನಡೆದೇ ಬಂದರು. ನನಗೆ ಎದೆ ಡವಡವ. ಹಿಂದೆ ಒಬ್ಬ ಅಧಿಕಾರಿ ಮಕ್ಕಳ ಮುಂದೆಯೇ ನನ್ನನ್ನು ಬೈದು ಹೋಗಿದ್ದು ಇನ್ನೂ ಮರೆತಿರಲಿಲ್ಲ. ಇವರು ದಾಖಲೆ ಕೇಳಲಿಲ್ಲ. ಚಿಕ್ಕ ಮಕ್ಕಳು ಆಡುತ್ತ ಕಲಿಯುವ ನಲಿಕಲಿ ಕೋಣೆಗೆ ಹೋಗಿ ಮಕ್ಕಳ ಜೊತೆ ಚಾಪೆ ಮೇಲೆ ಕೂತರು.

ಒಂದನೇ ಕ್ಲಾಸಿಗೆ ಎಮ್ಮೆ ಸಾಕುವ ಗೌಳಿ ಜನರ ಹುಡುಗಿಯೊಬ್ಬಳು ಸೇರಿದ್ದಳು. ಮನೆಮಾತು ಮರಾಠಿ. ಒಂದು ತಿಂಗಳಾದರೂ ಬಾಯಿ ಬಿಟ್ಟಿರಲಿಲ್ಲ. ಇವಳಿಗೆ ಏನೂ ಬರೋದಿಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಸಾಹೇಬರು ನಿಪ್ಪಾಣಿ ಕಡೆಯವರು. ಮೆಲ್ಲಗೆ, 'ತುಝ್ಯಾ ಘರಿ ಮ್ಹಶಿ ಕಿತಿ?' ಅಂದರು. ನಿಮ್ಮ ಮನೇಲಿ ಎಮ್ಮೆ ಎಷ್ಟು ಅಂತ. ಹುಡುಗಿ ಅವರ ಮುಖವನ್ನೇ ನೋಡಿದಳು. ಆಮೇಲೆ ಒಂದೊಂದೇ ಬೆರಳು ಮಡಚುತ್ತಾ ಏಕ್, ದೋನ್, ತೀನ್ ಅಂತ ಶುರು ಮಾಡಿ ಹದಿನಾಲ್ಕರವರೆಗೆ ಎಣಿಸಿದಳು! ಬರೀ ಎಣಿಕೆಯಲ್ಲ, ಯಾವುದು ಕರು ಹಾಕಿದೆ, ಯಾವುದು ಒದೆಯುತ್ತದೆ ಅಂತಲೂ ಹೇಳಿದಳು. ಸಾಹೇಬರು ಹದಿನಾಲ್ಕು ಹುಣಸೆಬೀಜ ಸಾಲಾಗಿ ಇಟ್ಟು, ಒಂದು, ಎರಡು, ಮೂರು ಅಂದರು. ಅವಳೂ ಅಂದಳು. ಉಳಿದ ಮಕ್ಕಳೂ ಸೇರಿಕೊಂಡರು.

ಅಷ್ಟೊತ್ತಿಗೆ ಬಿಸಿ ಹಾಲು ಬಂತು. ಸಾಹೇಬರೂ ಒಂದು ಲೋಟ ಕುಡಿದರು. ಹೊರಡುವಾಗ ಸಂದರ್ಶನ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: 'ಮಗುವಿಗೆ ಗೊತ್ತಿರುವುದನ್ನು ಮೊದಲು ಕೇಳಿ.' ನನ್ನನ್ನು ಒಂದು ಮಾತೂ ಬೈಯಲಿಲ್ಲ. ಆ ಪುಟ ಈಗಲೂ ಆಗಾಗ ತೆಗೆದು ನೋಡುತ್ತೇನೆ. ನಾನು ಪಾಠ ಮಾಡುವ ರೀತಿ ಬದಲಾದದ್ದು ಆ ದಿನದಿಂದ.

ನಿನ್ನೆ ಮೈಕ್ ಸಿಕ್ಕರೆ ಇದನ್ನೇ ಹೇಳಬೇಕು ಅಂತಿದ್ದೆ, ಸರದಿ ಬರಲಿಲ್ಲ. ಕೊನೆಗೆ ಕೈ ಮುಗಿಯಲು ಸಾಲಿನಲ್ಲಿ ನಿಂತೆ. ನನ್ನನ್ನು ನೋಡಿದವರೇ, 'ಎಮ್ಮೆ ಎಣಿಸಿದ ಹುಡುಗಿ ಈಗ ಯಾವ ಕ್ಲಾಸು ಮಾಸ್ತರೇ?' ಅಂದರು. ನಾಲ್ಕನೇ ಕ್ಲಾಸು ಸರ್, ಕನ್ನಡ ಚೆನ್ನಾಗಿ ಓದ್ತಾಳೆ ಅಂದೆ. ಮುಂದೆ ಮಾತು ಹೊರಡಲಿಲ್ಲ. ಅವರು ನನ್ನ ಕೈ ಹಿಡಿದುಕೊಂಡೇ ಇದ್ದರು.

ಸಂಜೆ ಆಫೀಸಿನಲ್ಲಿ ಚಾರ್ಜ್ ಪತ್ರಕ್ಕೆ ಸಹಿ ಹಾಕಿ, ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು, ಅಟೆಂಡರ್ ಜೊತೆ ಚಹಾ ಕುಡಿದು ಹೋದರಂತೆ.

ನಾಡಿದ್ದು ಸಾಮಾನು ತುಂಬಿಕೊಂಡು ಊರಿಗೆ ಹೊರಡುತ್ತಾರೆ. ಅವರ ನಂಬರ್ ನಿನ್ನ ಹತ್ತಿರ ಇದ್ದೇ ಇದೆ. ಇವತ್ತು ರಾತ್ರಿ ಊಟದ ಹೊತ್ತು ಕಳೆದ ಮೇಲೆ ಒಂದು ಫೋನ್ ಮಾಡು. ನಿನ್ನನ್ನೂ ಕೇಳಿದರು.

ನಿನ್ನ ಗೆಳೆಯ