ಕೆಟ್ಟಿದ್ದು ಅರ್ತ್ ಪಟ್ಟಿ, ಬದಲಾಯಿಸಿದ್ದು ಬ್ಯಾಟರಿ ಮತ್ತು ಸೆಲ್ಫ್ ಮೋಟರ್: ಹಣ ವಾಪಸ್ ಕೊಡಿ

ಸರ್ವಿಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ ಸರ್. ನಾನು ತೀರ್ಥಹಳ್ಳಿ ಕಡೆಯವನು. ನನ್ನದು ಒಂದೇ ಲಾರಿ, ನಾನೇ ಓಡಿಸುವುದು. ಅಡಿಕೆ ಚೀಲ ಹಾಕಿಕೊಂಡು ಶಿವಮೊಗ್ಗದ ಮಂಡಿಗೆ ಹೋಗುತ್ತೇನೆ, ಬರುವಾಗ ಗೊಬ್ಬರವೋ ಸಿಮೆಂಟೋ ಸಿಕ್ಕಿದ ಲೋಡು ತರುತ್ತೇನೆ. ಈ ಮಳೆಗಾಲದಲ್ಲಿ ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಅಂತ ನಿಮ್ಮ ಶಿವಮೊಗ್ಗದ ಸರ್ವಿಸ್ ಸೆಂಟರಿಗೆ ತಂದೆ. ನೀವು ಡೀಸೆಲ್ ಫಿಲ್ಟರ್ ಬದಲಾಯಿಸಿದಿರಿ, ಎರಡೂ ಬ್ಯಾಟರಿ ಹೊಸದು ಹಾಕಿದಿರಿ, ಆಮೇಲೆ ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರೂ ಹೊಸದು. ಲೇಬರ್ ಎಲ್ಲ ಸೇರಿ 46 ಸಾವಿರದ ಮೇಲೆ ಬಿಲ್ ಆಯಿತು. ಕೆಟ್ಟಿದ್ದು ಅದರಲ್ಲಿ ಯಾವುದೂ ಅಲ್ಲ. ಇಂಜಿನ್ನಿಗೂ ಚಾಸಿಗೂ (ಗಾಡಿಯ ಅಡಿ ಚೌಕಟ್ಟು) ನಡುವೆ ಇರುವ ಅರ್ತ್ ಪಟ್ಟಿ, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ಪಟ್ಟಿ, ಕೆಟ್ಟಿತ್ತು.

ಗಾಡಿ ಬಿಡುವಾಗಲೇ ನಿಮ್ಮ ಹುಡುಗರಿಗೆ ಎಲ್ಲ ಬಿಡಿಸಿ ಹೇಳಿದ್ದೆ. ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ಲೈಟೆಲ್ಲ ಬರುತ್ತದೆ, ಕೆಳಗೆ ಟಕ್ ಅಂತ ಒಂದು ಸದ್ದು ಬರುತ್ತದೆ, ಆದರೆ ಇಂಜಿನ್ ಒಂದು ಸುತ್ತೂ ತಿರುಗುವುದಿಲ್ಲ. ಹೆಡ್‌ಲೈಟ್ ಹಾಕಿಕೊಂಡು ಸೆಲ್ಫ್ ಹೊಡೆದರೂ ಬೆಳಕು ಡಿಮ್ ಆಗುವುದಿಲ್ಲ. ನಮ್ಮೂರ ಕಡೆ ಇಳಿಜಾರಿಗೆ ಏನೂ ಕೊರತೆ ಇಲ್ಲವಲ್ಲ, ಇಳಿಜಾರಿನಲ್ಲಿ ಬಿಟ್ಟು ಗೇರ್ ಹಾಕಿ ಕ್ಲಚ್ ಬಿಟ್ಟರೆ ಗಾಡಿ ತಕ್ಷಣ ಹಿಡಿಯುತ್ತದೆ, ಅದನ್ನೂ ಹೇಳಿದ್ದೆ. ಇಷ್ಟು ಕೇಳಿದ ಮೇಲೂ ಡೀಸೆಲ್ ಫಿಲ್ಟರಿಗೆ ಯಾಕೆ ಕೈ ಹಾಕಿದಿರಿ? ಇಂಜಿನ್ ತಿರುಗುತ್ತಿದ್ದು ಹಿಡಿಯದೇ ಇದ್ದರೆ ಡೀಸೆಲ್ ನೋಡಬೇಕು, ಡೀಸೆಲ್ ಪೈಪಿನಲ್ಲಿ ಗಾಳಿ ಕಟ್ಟಿ ಏರ್ ಲಾಕ್ ಆಗಿದೆಯಾ ನೋಡಬೇಕು. ತಿರುಗುತ್ತಲೇ ಇಲ್ಲ ಅಂದರೆ ಬ್ಯಾಟರಿಯಿಂದ ಸೆಲ್ಫ್ ಮೋಟರ್ ತನಕ ಕರೆಂಟ್ ಹೋಗಿ ವಾಪಸ್ ಬರುವ ದಾರಿ ನೋಡಬೇಕು. ಇದು ಲಾರಿ ಓಡಿಸುವ ಎಲ್ಲರಿಗೂ ಗೊತ್ತಿರುವ ಮಾತು.

ಬ್ಯಾಟರಿ ಹೋಗಿದೆ ಅಂದಿರಿ. ಹೋದ ಬ್ಯಾಟರಿ ಆಗಿದ್ದರೆ ಸೆಲ್ಫ್ ಹೊಡೆದ ಕೂಡಲೇ ಹೆಡ್‌ಲೈಟ್ ಕೆಂಪಗಾಗಿ ಸಾಯುತ್ತಿತ್ತು, ಅಲ್ವಾ? ನಮ್ಮದು 24 ವೋಲ್ಟಿನ ಗಾಡಿ, 12ರ ಎರಡು ಬ್ಯಾಟರಿ ಸೀರೀಸಿನಲ್ಲಿ. ಫುಲ್ ಚಾರ್ಜ್ ಇದ್ದರೆ ಒಂದೊಂದು 12.6ರ ಹತ್ತಿರ ಇರುತ್ತದೆ, ಎರಡೂ ಸೇರಿ 25ರ ಮೇಲೆ. ಮೀಟರ್ ಇಟ್ಟು ಒಮ್ಮೆ ನೋಡಿದ್ದರೆ, ಆಮೇಲೆ ಒಬ್ಬರು ಕೀ ತಿರುಗಿಸುವಾಗ ಇನ್ನೊಬ್ಬರು ಎಷ್ಟು ಇಳಿಯುತ್ತದೆ ಅಂತ ನೋಡಿದ್ದರೆ ಐದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನಿಮ್ಮ ಜಾಬ್ ಕಾರ್ಡಿನಲ್ಲಿ ವೋಲ್ಟೇಜ್ ಬರೆಯುವ ಜಾಗ ಖಾಲಿ ಇದೆ. ಲ್ಯಾಪ್‌ಟಾಪ್ ಹಾಕಿ ಸ್ಕ್ಯಾನ್ ಮಾಡಿದೆವು, ದೋಷ ತೋರಿಸುವ ಯಾವ ಕೋಡೂ ಬಂದಿಲ್ಲ ಅಂತ ಮಾತ್ರ ಬರೆದಿದ್ದೀರಿ. ಅರ್ತ್ ಪಟ್ಟಿಯಲ್ಲಿ ಸೆನ್ಸರ್ ಇರುವುದಿಲ್ಲ ಸರ್, ಕೋಡ್ ಎಲ್ಲಿಂದ ಬರಬೇಕು?

ಬ್ಯಾಟರಿ ಹಾಕಿದ ಮೇಲೆ ಸ್ಟಾರ್ಟ್ ಆಯಿತು ನಿಜ. ಸ್ವಲ್ಪ ದಿನ ಓಡಿತು, ಮತ್ತೆ ಅದೇ ಟಕ್. ಆಗ ಸೆಲ್ಫ್ ಮೋಟರ್ ಸುಟ್ಟಿದೆ ಅಂತ ಅದನ್ನೂ ಬದಲಾಯಿಸಿದಿರಿ. ಮತ್ತೆ ಸ್ವಲ್ಪ ದಿನ ಓಡಿ ನಿಂತಿತು, ಈ ಸಲ ಮಂಡಗದ್ದೆ ಹತ್ತಿರ, ಲೋಡಿನ ಸಮೇತ, ಸುರಿಯುವ ಮಳೆಯಲ್ಲಿ. ಟಾರ್ಪಾಲಿನ ಕೆಳಗೆ ಇದ್ದದ್ದು ಊರವರ ರಾಶಿ ಅಡಿಕೆ. ಅಡಿಕೆಗೆ ತೇವ ತಾಗಿದರೆ ಮಂಡಿಯಲ್ಲಿ ರೇಟು ಎಷ್ಟು ಬೀಳುತ್ತದೆ ಅನ್ನುವುದು ಶಿವಮೊಗ್ಗದಲ್ಲೇ ಇರುವ ನಿಮಗೆ ನಾನು ಹೇಳಬೇಕಾಗಿಲ್ಲ. ಬೇರೆ ಗಾಡಿ ತರಿಸಿ ಚೀಲ ಬದಲಾಯಿಸಿ ಕಳಿಸಿದೆ, ಹಮಾಲಿ ಮತ್ತು ಬಾಡಿಗೆ ನನ್ನ ಕೈಯಿಂದ ಹೋಯಿತು. ನಿಮಗೆ ಫೋನ್ ಮಾಡಿದರೆ, ಹಾಗಾದರೆ ಇಸಿಎಂ (ಇಂಜಿನ್ನಿನ ಕಂಪ್ಯೂಟರ್) ಹೋಗಿರಬೇಕು, ಗಾಡಿ ಎಳೆಸಿಕೊಂಡು ಬನ್ನಿ ಅಂದಿರಿ. ನೋಡದೆಯೇ, ಫೋನಿನಲ್ಲೇ!

ತೀರ್ಥಹಳ್ಳಿಯಿಂದ ಒಬ್ಬ ಎಲೆಕ್ಟ್ರಿಷಿಯನ್ ಬಂದರು. ಅವರ ಕೈಯಲ್ಲಿ ಇದ್ದದ್ದು ಒಂದು ಮೀಟರ್, ಒಂದು ದಪ್ಪ ಕೇಬಲ್, ಟಾರ್ಚು. ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಸೆಲ್ಫ್ ಮೋಟರಿನ ಬಾಡಿಗೆ ಇಟ್ಟು, ಕೀ ತಿರುಗಿಸಿ ಅಂದರು. ಎರಡೂ ಅರ್ತೇ ಆದ್ದರಿಂದ ಅಲ್ಲಿ ಹೆಚ್ಚುಕಮ್ಮಿ ಸೊನ್ನೆ ಬರಬೇಕು, ಅರ್ಧ ವೋಲ್ಟ್ ಬಂದರೂ ಅನುಮಾನ ಪಡಬೇಕು. ಬಂದದ್ದು 11 ವೋಲ್ಟ್. ಆಮೇಲೆ ಆ ದಪ್ಪ ಕೇಬಲನ್ನು ಮೈನಸ್ಸಿನಿಂದ ನೇರ ಇಂಜಿನ್ನಿಗೆ ಹಿಡಿದು ಸೆಲ್ಫ್ ಹೊಡೆಸಿದರು, ಗಾಡಿ ಒಂದೇ ಏಟಿಗೆ ಸ್ಟಾರ್ಟ್. ಕರೆಂಟ್ ಹೋಗುವ ದಾರಿ ಸರಿ ಇತ್ತು, ವಾಪಸ್ ಬರುವ ದಾರಿ ತೋಟದ ಬಸಿಗಾಲುವೆ ಹೂಳು ಕಟ್ಟಿದ ಹಾಗೆ ಕಟ್ಟಿಕೊಂಡಿತ್ತು.

ಗೇರ್‌ಬಾಕ್ಸಿನ ಪಕ್ಕದಲ್ಲಿದ್ದ ಆ ಪಟ್ಟಿ ಬಿಚ್ಚಿ ನನ್ನ ಕೈಗೆ ಕೊಟ್ಟರು. ಹೆಣೆದ ತಾಮ್ರದ ಪಟ್ಟಿ, ಮೇಲಿಂದ ನೋಡಿದರೆ ಬರೀ ಕೆಸರು ಮೆತ್ತಿದ ಹಾಗಿತ್ತು. ಬೋಲ್ಟ್ ಕೂರುವ ಕಡೆ ತಿರುಗಿಸಿದಾಗ ಹಸಿರು ಪುಡಿ ಉದುರಿತು, ಅರ್ಧಕ್ಕಿಂತ ಜಾಸ್ತಿ ಎಳೆ ತುಂಡಾಗಿದ್ದವು, ಚಾಸಿಯ ಕಡೆ ತುಕ್ಕಿನ ಪದರ ಉಗುರಿಗೆ ಎದ್ದು ಬರುತ್ತಿತ್ತು. ನೀವು ಬ್ಯಾಟರಿ ಬಿಚ್ಚಿದಾಗ, ಮೋಟರ್ ಇಳಿಸಿದಾಗ ಅದು ಅಲ್ಲಾಡಿ ಸ್ವಲ್ಪ ಕಾಲ ಹಿಡಿದಿದೆ, ಅಷ್ಟೇ. ತುಕ್ಕು ಉಜ್ಜಿ, ಹೊಸ ಪಟ್ಟಿ ಹಾಕಿ, ಗ್ರೀಸ್ ಹಚ್ಚಿದರು. ಅವರು ತೆಗೆದುಕೊಂಡದ್ದು ಕೆಲವು ನೂರು ರೂಪಾಯಿ. ಅಂದಿನಿಂದ ಗಾಡಿ ಒಮ್ಮೆಯೂ ಕೈ ಕೊಟ್ಟಿಲ್ಲ.

ಮಲೆನಾಡಿನ ಗಾಡಿಗೆ ಅರ್ತ್ ನೋಡದೆ ಬೇರೆ ಏನು ನೋಡುತ್ತೀರಿ ಸರ್? ತಿಂಗಳುಗಟ್ಟಲೆ ಕೆಸರು ನೀರಿನಲ್ಲಿ ಓಡುವ ಗಾಡಿಗಳು ಇವು. ಅರ್ತ್ ಸರಿ ಇಲ್ಲದಿದ್ದರೆ ಸೆಲ್ಫಿನ ಅಷ್ಟೂ ಕರೆಂಟ್ ಗೇರ್ ಕೇಬಲ್, ಆಕ್ಸಿಲೇಟರ್ ಕೇಬಲ್ ಸಿಕ್ಕಿದ ದಾರಿ ಹುಡುಕುತ್ತದೆ, ಕೇಬಲ್ ಕಾದು ಸುಡಲೂಬಹುದು. ಇದು ಬರೀ ದುಡ್ಡಿನ ವಿಷಯ ಅಲ್ಲ.

ನಾನು ಕೇಳುವುದು ಇಷ್ಟು. ಬ್ಯಾಟರಿ, ಸೆಲ್ಫ್ ಮೋಟರ್, ಫಿಲ್ಟರ್, ಲೇಬರ್ ಎಲ್ಲದರ ಹಣ ವಾಪಸ್ ಕೊಡಿ, ಹೊಸ ಸಾಮಾನು ನೀವೇ ಬಿಚ್ಚಿಕೊಂಡು ಹೋಗಿ. ನನ್ನ ಹಳೆ ಬ್ಯಾಟರಿ, ಹಳೆ ಮೋಟರ್ ನನಗೆ ಬೇಕು, ಅವು ಕೆಟ್ಟಿವೆ ಅನ್ನುವುದಾದರೆ ನನ್ನ ಎದುರಿಗೇ ಟೆಸ್ಟ್ ಮಾಡಿ ತೋರಿಸಿ. ಮಂಡಗದ್ದೆಯಲ್ಲಿ ಲೋಡ್ ಬದಲಾಯಿಸಿದ ಖರ್ಚನ್ನೂ ಕೊಡಿ. ಇನ್ನು ಮುಂದೆ ಸ್ಟಾರ್ಟ್ ಆಗದ ಗಾಡಿ ಬಂದರೆ, ಸಾಮಾನು ಬದಲಾಯಿಸುವ ಮೊದಲು ವೋಲ್ಟೇಜ್ ಅಳೆದು ಜಾಬ್ ಕಾರ್ಡಿನಲ್ಲಿ ಬರೆಯಿರಿ, ಯಾರ ಗಾಡಿಯೇ ಆಗಲಿ.

ಕೌಂಟರಿನಲ್ಲಿದ್ದವರು ಇದು ಕಮರ್ಷಿಯಲ್ ಗಾಡಿ, ಗ್ರಾಹಕರ ಕೋರ್ಟಿಗೆ ಹೋಗುವ ಹಾಗಿಲ್ಲ ಅಂದರು. ಸುಮ್ನೆ ಹೆದರಿಸಬೇಡಿ. ಹೊಟ್ಟೆಪಾಡಿಗೆ ತಾನೇ ದುಡಿಯಲು ಕೊಂಡು ಬಳಸುವ ವಸ್ತು ವಾಣಿಜ್ಯ ಉದ್ದೇಶದ್ದಲ್ಲ ಅಂತ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲೇ ಇದೆ. 15 ದಿನದೊಳಗೆ ಉತ್ತರ ಬಾರದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸುತ್ತೇನೆ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಿಲ್ಲು, ಜಾಬ್ ಕಾರ್ಡ್, ಮೀಟರಿನಲ್ಲಿ 11 ಕಾಣುವ ಫೋಟೋ ಇದರ ಜೊತೆ ಇಟ್ಟಿದ್ದೇನೆ. ಹಳೆ ಪಟ್ಟಿ ನನ್ನ ಹತ್ತಿರವೇ ಇದೆ, ನೋಡಬೇಕು ಅಂದರೆ ತಂದು ತೋರಿಸುತ್ತೇನೆ.

ಇಂತಿ,
ಲಾರಿ ಮಾಲೀಕ ಮತ್ತು ಚಾಲಕ,
ತೀರ್ಥಹಳ್ಳಿ ತಾಲೂಕು, ಶಿವಮೊಗ್ಗ ಜಿಲ್ಲೆ