ಬ್ರಿಟನ್ನಿನ ಕ್ರಿಸ್‌ಮಸ್: ಮನೆಯೊಳಗಿನ ಹಬ್ಬ

ಸಂಪಾದಕರಿಗೆ,

ಮಾನ್ಯರೇ,

ಡಿಸೆಂಬರ್ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ಬ್ರಿಟನ್ನಿನ ಕ್ರಿಸ್‌ಮಸ್ ಕುರಿತ ಚಿತ್ರ-ಬರಹಗಳು ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ಬಹುಪಾಲು ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನ ದೀಪಾಲಂಕಾರ, ರಿಯಾಯಿತಿ ಮಾರಾಟ, ರಾತ್ರಿಯ ಮೋಜು ಇಷ್ಟಕ್ಕೇ ಮುಗಿಯುತ್ತವೆ. ಇಪ್ಪತ್ತು ವರ್ಷಗಳಿಂದ ಯಾರ್ಕ್‌ಶೈರಿನ ಲೀಡ್ಸ್ ನಗರದಲ್ಲಿರುವ ನಾನು ಕಂಡ ಹಬ್ಬ ಬೇರೆಯದು. ಇಲ್ಲಿನ ಕುಟುಂಬಗಳಿಗೆ ಕ್ರಿಸ್‌ಮಸ್ ಎಂದರೆ ಬಾಗಿಲು ಹಾಕಿಕೊಂಡು ಮನೆಮಂದಿಯೆಲ್ಲ ಒಂದೇ ಮೇಜಿಗೆ ಕೂರುವ ದಿನ, ಮತ್ತು ಅದರ ತಯಾರಿ ತಿಂಗಳಿಗೂ ಮೊದಲೇ ಅಡುಗೆಮನೆಯಲ್ಲಿ ಶುರುವಾಗಿರುತ್ತದೆ. ಈ ಮಾತನ್ನು ಓದುಗರ ಮುಂದಿಡಬೇಕೆಂಬ ಆಸೆಯಿಂದ ಈ ಪತ್ರ.

ಕ್ರಿಸ್‌ಮಸ್‌ಗೆ ಮುಂಚಿನ ಸುಮಾರು ನಾಲ್ಕು ವಾರಗಳ ಸಿದ್ಧತೆಯ ಕಾಲವಾದ ಅಡ್ವೆಂಟ್ ಆರಂಭವಾಗುವುದಕ್ಕೆ ಮುಂಚಿನ ಭಾನುವಾರವನ್ನು ಇಲ್ಲಿ ‘ಸ್ಟರ್-ಅಪ್ ಸಂಡೆ’ ಎನ್ನುತ್ತಾರೆ. ಆಂಗ್ಲಿಕನ್ ಚರ್ಚಿನ ಹಳೆಯ ಪ್ರಾರ್ಥನಾ ಪುಸ್ತಕದಲ್ಲಿ ಆ ದಿನಕ್ಕೆ ಗೊತ್ತುಪಡಿಸಿದ ಪ್ರಾರ್ಥನೆ ಈ ಎರಡು ಪದಗಳಿಂದ ಮೊದಲಾಗುತ್ತದೆ. ನಿನ್ನ ಭಕ್ತರ ಮನಸ್ಸನ್ನು ಬಡಿದೆಬ್ಬಿಸು ಎಂದು ದೇವರಲ್ಲಿ ಬೇಡುವ ಪ್ರಾರ್ಥನೆ ಅದು. ‘ಸ್ಟರ್’ ಎಂಬ ಪದಕ್ಕೆ ಕಲಕುವುದು ಎಂಬ ಅರ್ಥವೂ ಇರುವುದರಿಂದ, ಚರ್ಚಿನಲ್ಲಿ ಅದನ್ನು ಕೇಳಿ ಮನೆಗೆ ಬಂದ ಗೃಹಿಣಿಯರಿಗೆ ಪುಡಿಂಗ್ ಕಲಸುವ ದಿನ ಬಂತೆಂದು ನೆನಪಾಗುತ್ತಿತ್ತಂತೆ. ನಾವು ಇಲ್ಲಿಗೆ ಬಂದ ಮೊದಲ ವರ್ಷ ಪಕ್ಕದ ಮನೆಯ ಅಜ್ಜಿ ನಮ್ಮನ್ನು ಆ ಭಾನುವಾರ ಕರೆದರು. ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ, ಬ್ರೆಡ್ಡಿನ ಪುಡಿ, ಕಂದು ಸಕ್ಕರೆ, ಜಾಯಿಕಾಯಿ, ದಾಲ್ಚಿನ್ನಿ, ಲವಂಗ ಹೀಗೆ ಹದಿಮೂರು ಪದಾರ್ಥಗಳನ್ನು ಸಾಲಾಗಿ ಇಟ್ಟಿದ್ದರು. ಯೇಸು ಮತ್ತು ಅವನ ಹನ್ನೆರಡು ಶಿಷ್ಯರ ಲೆಕ್ಕ ಅದು. ಇದಕ್ಕೆ ವಾಡಿಕೆಯಾಗಿ ದನದ ಕೊಬ್ಬು ಹಾಕುತ್ತಾರೆ. ನಾವು ಸಸ್ಯಾಹಾರಿಗಳೆಂದು ತಿಳಿದಿದ್ದ ಅಜ್ಜಿ ಎಣ್ಣೆಯಿಂದ ಮಾಡಿದ ಬದಲಿ ಕೊಬ್ಬಿನ ಪೊಟ್ಟಣವನ್ನು ಮೊದಲೇ ತಂದಿರಿಸಿಕೊಂಡು, ಅದರ ಮೇಲಿನ ಬರಹವನ್ನು ನನ್ನ ಹೆಂಡತಿಗೆ ಓದಿ ತೋರಿಸಿದರು. ಆಮೇಲೆ ಮರದ ಸೌಟನ್ನು ನಮ್ಮ ಮಗಳ ಕೈಗೆ ಕೊಟ್ಟು, “ಕಣ್ಣು ಮುಚ್ಚಿಕೋ ಮಗು, ಪೂರ್ವದಿಂದ ಪಶ್ಚಿಮಕ್ಕೆ ತಿರುಗಿಸು, ಮನಸ್ಸಿನಲ್ಲೇ ಏನಾದರೂ ಕೇಳಿಕೋ, ಯಾರಿಗೂ ಹೇಳಬೇಡ” ಎಂದರು. ಶಿಶು ಯೇಸುವನ್ನು ಕಾಣಲು ಪೂರ್ವದಿಂದ ಬಂದ ಜ್ಞಾನಿಗಳ ನೆನಪಿಗಾಗಿ ಆ ದಿಕ್ಕು. ಕಲಸಿದ್ದನ್ನು ಪಿಂಗಾಣಿ ಬಟ್ಟಲಿಗೆ ತುಂಬಿ, ಕಾಗದ ಮುಚ್ಚಿ, ದಾರ ಬಿಗಿದು, ನಾವು ಕಡುಬು ಬೇಯಿಸುವಂತೆ ಹಬೆಯಲ್ಲಿ ಇಳಿಹೊತ್ತಿನವರೆಗೂ ಬೇಯಿಸಿದರು. ಕಿಟಕಿಯ ಗಾಜೆಲ್ಲ ಹಬೆಗಟ್ಟಿ, ಮಗಳು ಅದರ ಮೇಲೆ ಬೆರಳಿನಿಂದ ಕನ್ನಡದಲ್ಲಿ ತನ್ನ ಹೆಸರು ಬರೆದಳು.

ಹಬ್ಬದ ಮುನ್ನಾದಿನ ಊರೂರಿಗೂ ಅದರದೇ ಪದ್ಧತಿ ಇದೆ. ನಮಗೆ ಹತ್ತಿರದ ಡ್ಯೂಸ್‌ಬರಿಯ ಚರ್ಚಿನಲ್ಲಿ, ಕ್ರಿಸ್ತ ಹುಟ್ಟಿ ಎಷ್ಟು ವರ್ಷವಾಯಿತೋ ಅಷ್ಟು ಬಾರಿ, ಅಂದರೆ ಎರಡು ಸಾವಿರಕ್ಕೂ ಹೆಚ್ಚು ಸಲ ಗಂಟೆ ಬಾರಿಸುತ್ತಾರೆ. ಕೊನೆಯ ಪೆಟ್ಟು ಸರಿಯಾಗಿ ನಡುರಾತ್ರಿಗೆ ಬೀಳುವಂತೆ ಎಣಿಸಿಕೊಂಡೇ ಶುರುಮಾಡುತ್ತಾರೆ. ಶೆಫೀಲ್ಡಿನ ಸುತ್ತಲಿನ ಹಳ್ಳಿಗಳ ಜನ ಚರ್ಚಿನ ಹೊರಗೆ, ಪಬ್ಬುಗಳಲ್ಲಿ ಸೇರಿ, ತಲೆಮಾರುಗಳಿಂದ ಉಳಿಸಿಕೊಂಡ ತಮ್ಮವೇ ಕ್ಯಾರಲ್‌ಗಳನ್ನು ನವೆಂಬರಿನಿಂದಲೇ ಹಾಡುತ್ತಾರೆ. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನ ಚಾಪೆಲಿನಲ್ಲಿ 1918ರಿಂದ ನಡೆದುಬಂದಿರುವ ವಾಚನ-ಗಾಯನವನ್ನು ಎಷ್ಟೋ ಮನೆಗಳಲ್ಲಿ ಅಡುಗೆ ಮಾಡುತ್ತಲೇ ರೇಡಿಯೊದಲ್ಲಿ ಕೇಳುತ್ತಾರೆ. ಮಲಗುವ ಮುಂಚೆ ಮಕ್ಕಳು ಮಂಚದ ತುದಿಗೆ ಉದ್ದನೆಯ ಕಾಲುಚೀಲ ಕಟ್ಟುತ್ತಾರೆ. ಉಡುಗೊರೆ ತರುವ ಸಾಂತಾ ಕ್ಲಾಸ್, ಅಂದರೆ ಇಲ್ಲಿನವರ ಫಾದರ್ ಕ್ರಿಸ್‌ಮಸ್‌ಗೆಂದು ಒಣಹಣ್ಣಿನ ಹೂರಣದ ಒಂದು ಮಿನ್ಸ್ ಪೈ ಮತ್ತು ಲೋಟದಲ್ಲಿ ಶೆರ್ರಿ ವೈನ್, ಅವನ ಹಿಮಸಾರಂಗಕ್ಕೆಂದು ಒಂದು ಗಜ್ಜರಿ ಇಡುತ್ತಾರೆ.

25ರ ಮಧ್ಯಾಹ್ನದ ಊಟವೇ ಹಬ್ಬದ ನಡುಗಂಬ. ಟರ್ಕಿ ಕೋಳಿ, ಹುರಿದ ಆಲೂಗಡ್ಡೆ, ಪಾರ್ಸ್ನಿಪ್, ಬ್ರಸೆಲ್ಸ್ ಸ್ಪ್ರೌಟ್ಸ್ ಇವೆಲ್ಲ ಬಿಸಿಯಾಗಿ ಒಂದೇ ಹೊತ್ತಿಗೆ ಮೇಜಿಗೆ ಬರಬೇಕೆಂದು ಬೆಳಿಗ್ಗೆಯಿಂದ ಗಡಿಯಾರ ನೋಡಿಕೊಂಡು ದುಡಿಯುತ್ತಾರೆ. ಕೂತ ಕೂಡಲೇ ಪ್ರತಿಯೊಬ್ಬರೂ ಪಕ್ಕದವರೊಂದಿಗೆ ಕ್ರ್ಯಾಕರ್ ಎಳೆಯಬೇಕು. ಲಂಡನ್ನಿನ ಮಿಠಾಯಿ ತಯಾರಕ ಟಾಮ್ ಸ್ಮಿತ್ 19ನೆಯ ಶತಮಾನದ ನಡುವಿನಲ್ಲಿ ರೂಪಿಸಿದ ಈ ಬಣ್ಣದ ಸುರುಳಿ ಪಟ್ ಎಂದು ಹರಿದಾಗ ಒಳಗಿನಿಂದ ಕಾಗದದ ಕಿರೀಟ ಹೊರಬರುತ್ತದೆ. ಅದನ್ನು ತಲೆಗೇರಿಸದೆ ಊಟ ಆರಂಭಿಸುವವರನ್ನು ನಾನು ಕಂಡಿಲ್ಲ. ಮನೆಯ ಯಜಮಾನರಿಂದ ಹಿಡಿದು ಮೂರು ವರ್ಷದ ಕೂಸಿನವರೆಗೆ ಎಲ್ಲರ ತಲೆಯ ಮೇಲೂ ಅದು ಇರುತ್ತದೆ. ಕೊನೆಗೆ ದೀಪ ಆರಿಸಿ, ಬಿಸಿ ಮಾಡಿದ ಬ್ರಾಂಡಿಗೆ ಬೆಂಕಿ ತಾಗಿಸಿ ಪುಡಿಂಗಿನ ಮೇಲೆ ಸುರಿಯುತ್ತಾರೆ. ನೀಲಿ ಜ್ವಾಲೆ ಅದರ ಮೈಮೇಲಿಂದ ಇಳಿದು ತಟ್ಟೆಯ ಅಂಚನ್ನು ಸುತ್ತಿ ಆರುವವರೆಗೆ ಯಾರೂ ಮಾತಾಡುವುದಿಲ್ಲ. ಆ ವರ್ಷ ಅಜ್ಜಿ ಅದೃಷ್ಟಕ್ಕೆಂದು ಪುಡಿಂಗಿನ ಒಳಗಿಟ್ಟಿದ್ದ ಆರು ಪೆನ್ಸಿನ ಹಳೆಯ ಬೆಳ್ಳಿ ನಾಣ್ಯ ನಮ್ಮ ಮಗಳ ಪಾಲಿಗೆ ಬಂತು. ಈಗಲೂ ಅದು ಅವಳ ಬಳಿ ಇದೆ. ಮೂರು ಗಂಟೆಗೆ ದೊರೆಯ ಭಾಷಣ. 1932ರಲ್ಲಿ ಐದನೆಯ ಜಾರ್ಜ್ ರೇಡಿಯೊದಲ್ಲಿ ಆರಂಭಿಸಿದ್ದು, 1957ರಿಂದ ಟಿವಿಯಲ್ಲಿ ಬರುತ್ತಿದೆ. ಸಂಜೆ ಕ್ರಿಸ್‌ಮಸ್ ಕೇಕಿನ ತುಂಡಿನೊಂದಿಗೆ ವೆನ್ಸ್ಲಿಡೇಲ್ ಚೀಸ್ ತಿನ್ನುವುದು ನಮ್ಮ ಯಾರ್ಕ್‌ಶೈರಿನ ರೂಢಿ, ಒಮ್ಮೆ ರುಚಿ ಹತ್ತಿದರೆ ಬಿಡುವುದು ಕಷ್ಟ.

ಮರುದಿನದ ‘ಬಾಕ್ಸಿಂಗ್ ಡೇ’ಗೂ ಮುಷ್ಟಿಯುದ್ಧಕ್ಕೂ ಯಾವ ನಂಟೂ ಇಲ್ಲ. ಮನೆಗೆಲಸದವರಿಗೆ, ಅಂಚೆಯವರಿಗೆ ಉಡುಗೊರೆಯ ಪೆಟ್ಟಿಗೆ ಕೊಡುತ್ತಿದ್ದುದರಿಂದ ಬಂದ ಹೆಸರು ಅದು. ಸ್ಕಾಟ್ಲೆಂಡಿನ ಕತೆ ಬೇರೆ. ಅಲ್ಲಿ 1958ರವರೆಗೂ ಕ್ರಿಸ್‌ಮಸ್ ಸಾರ್ವಜನಿಕ ರಜೆಯೇ ಆಗಿರಲಿಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಮ್ಮನ್ನು ಕ್ರೈಸ್ತರೆಂದು ಹೇಳಿಕೊಂಡವರು ಶೇ 46.2 ಮಾತ್ರ. ಆದರೂ ಚರ್ಚಿಗೆ ಹೋಗದ ಮನೆಗಳಲ್ಲೂ ಪುಡಿಂಗ್, ಕಿರೀಟ, ಕಾಲುಚೀಲ ತಪ್ಪಿಲ್ಲ.

ಇಷ್ಟನ್ನೆಲ್ಲ ಬರೆಯಲು ಇನ್ನೊಂದು ಕಾರಣವಿದೆ. ಕರ್ನಾಟಕದಿಂದ ಓದಲು ಬಂದ ಮಕ್ಕಳು ಬೀದಿಯ ಸಂಭ್ರಮದ ಚಿತ್ರಗಳನ್ನು ನಂಬಿಕೊಂಡು 25ರ ಬೆಳಿಗ್ಗೆ ಹೊರಡುತ್ತಾರೆ. ಆ ದಿನ ಇಲ್ಲಿ ರೈಲು ಓಡುವುದಿಲ್ಲ. ಲಂಡನ್ನಿನ ಸುರಂಗ ರೈಲೂ ನಿಂತಿರುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಆ ದಿನ ತೆರೆಯಕೂಡದೆಂದು 2004ರ ಕಾಯ್ದೆಯೇ ಇದೆ. ಕೆಲವು ವರ್ಷಗಳ ಹಿಂದೆ ಹೀಗೆ ಹೊರಟ ಹಾವೇರಿ ಕಡೆಯ ಹುಡುಗನೊಬ್ಬ ಮುಚ್ಚಿದ ರೈಲು ನಿಲ್ದಾಣದ ಮುಂದೆ ಚಳಿಯಲ್ಲಿ ನಿಂತಿದ್ದನ್ನು ಕಂಡು ನಾನು ಮನೆಗೆ ಕರೆತಂದೆ. ಬೆಳಗಿನಿಂದ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹೀಗೆ ಮಕ್ಕಳನ್ನು ಕಳುಹಿಸಿರುವ ತಂದೆತಾಯಿಯರಲ್ಲಿ ನನ್ನ ವಿನಂತಿ ಇಷ್ಟೇ: 24ರ ಸಂಜೆಯೊಳಗೆ ದಿನಸಿ ತಂದಿಟ್ಟುಕೊಳ್ಳಲು ಹೇಳಿ. ಇಲ್ಲಿನ ಸಹಪಾಠಿಗಳೋ ನೆರೆಯವರೋ ಊಟಕ್ಕೆ ಕರೆದರೆ ಸಂಕೋಚಪಡದೆ ಹೋಗಲು ಹೇಳಿ. ಏನು ತಿನ್ನುವುದಿಲ್ಲ ಎಂಬುದನ್ನು ಮೊದಲೇ ತಿಳಿಸಿದರೆ ಅವರು ಬೇಸರಿಸುವುದಿಲ್ಲ; ನಮ್ಮ ಅಜ್ಜಿಯಂತೆ ಅದಕ್ಕೊಂದು ದಾರಿ ಹುಡುಕುತ್ತಾರೆ.

ಇಂತಿ,
ನಿಮ್ಮ ಓದುಗ
ಲೀಡ್ಸ್, ಇಂಗ್ಲೆಂಡ್